ಕೊರತೆ ಪಡೆದೆನು

ಮಗಳಿಗೆ ಆರು ವರ್ಷ. ಸಂಡೇ ಸ್ಕೂಲ್ ಕಾರ್ಯಕ್ರಮದ ದಿನ ಸಭೆಯವರ ಮುಂದೆ ನಿಂತು ಬೈಬಲಿನ 23ನೇ ಕೀರ್ತನೆ ಹೇಳಬೇಕಿತ್ತು. ಒಟ್ಟು ಆರೇ ವಚನ. ಮೂರು ವಾರ ದಿನಾ ರಾತ್ರಿ ಕೂರಿಸಿಕೊಂಡು ಬಾಯಿಪಾಠ ಮಾಡಿಸಿದ್ದೆ. ಅವತ್ತು ಬೇಕಂತಲೇ ಮೊದಲ ಸಾಲಿನಲ್ಲಿ ಕೂತೆ, ಮರೆತರೆ ತುಟಿ ಆಡಿಸಿ ನೆನಪಿಸೋಣ ಅಂತ. ಹೆಂಡತಿಗೆ ಕೊಟ್ಟ ಕಾರಣ ಅದು. ಒಳಗಿನ ಕಾರಣ ಬೇರೆ: "ಯಾರ ಮಗು ಇದು, ಎಷ್ಟು ಚೆನ್ನಾಗಿ ಹೇಳ್ತಿದೆ" ಅಂತ ಯಾರಾದರೂ ಅಂದರೆ ಆ ಮಾತು ನನ್ನ ಕಿವಿಗೆ ಬೀಳಲಿ ಅಂತ.

ಅವಳು ಮೈಕ್ ಹಿಡಿದು ಗಟ್ಟಿಯಾಗಿ ಶುರು ಮಾಡಿದಳು. "ಯೆಹೋವನು ನನಗೆ ಕುರುಬನು; ಕೊರತೆ ಪಡೆದೆನು."

'ಕೊರತೆಪಡೆನು' ಅಂದರೆ ನನಗೆ ಯಾವ ಕೊರತೆಯೂ ಆಗದು. 'ಕೊರತೆ ಪಡೆದೆನು' ಅಂದರೆ ಸಿಕ್ಕಿದ್ದೇ ಕೊರತೆ! ಒಂದು 'ದೆ' ಸೇರಿ ದಾವೀದನ ಹಾಡು ದೂರಿನ ಅರ್ಜಿಯಾಗಿಬಿಟ್ಟಿತ್ತು. ಹಿಂದಿನ ಸಾಲುಗಳಲ್ಲಿ ನಗು ಎದ್ದಿತು. ತನ್ನನ್ನು ಮೆಚ್ಚಿ ನಗುತ್ತಿದ್ದಾರೆ ಅಂದುಕೊಂಡು ಅವಳೂ ನಕ್ಕಳು, ಆರನೇ ವಚನದವರೆಗೂ ಎಲ್ಲೂ ನಿಲ್ಲದೆ ಹೇಳಿ ಇಳಿದಳು. ಮುಖ ಕೆಂಪಾಗಿದ್ದು ನನ್ನದು.

ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಬೈದೆ. "ನಾನು ಹೇಳಿಕೊಟ್ಟಿದ್ದೇನು, ನೀನು ಹೇಳಿದ್ದೇನು?" ಸುಮ್ಮನೆ ಕೇಳಿಸಿಕೊಂಡು ಕೊನೆಗೆ ಕೇಳಿದಳು, "ಅಪ್ಪಾ, ಪಡೆನು ಅಂದ್ರೆ ಏನು?"

ಮೂರು ವಾರದಲ್ಲಿ ಒಂದು ದಿನವೂ ಅದನ್ನು ಹೇಳಿಕೊಟ್ಟಿರಲಿಲ್ಲ. ಮನೆಯಲ್ಲಿ ನಾವು 'ಮಾಡಲ್ಲ, ಬರಲ್ಲ' ಅನ್ನುತ್ತೇವೆ. 'ಮಾಡೆನು, ಬಾರೆನು' ಅಂತ ಯಾರು ಮಾತಾಡುತ್ತಾರೆ? ಅರ್ಥವಾಗದ ಮಾತಿನ ಜಾಗದಲ್ಲಿ ಮಗು ತನಗೆ ಗೊತ್ತಿರುವ ಮಾತು ಇಟ್ಟುಕೊಂಡಿತ್ತು, ಅಷ್ಟೇ. ಒಂದು ರೀತಿಯಲ್ಲಿ ಅಲ್ಲಿ ತಲೆ ಓಡಿಸಿದ್ದು ಅವಳೊಬ್ಬಳೇ. ನಾನು ಗಿಣಿಗೆ ಪಾಠ ಮಾಡುತ್ತಿದ್ದೆ.

ರಾತ್ರಿ ಹಾಸಿಗೆಯಲ್ಲಿ ಇನ್ನೊಂದು ಕೇಳಿದಳು. "ಈಗ ನೀನು ಹೇಳು ನೋಡೋಣ." ಶುರು ಮಾಡಿದೆ. ಹಸುರುಗಾವಲು ದಾಟಿದೆ, ಕತ್ತಲೆಯ ಕಣಿವೆಯನ್ನೂ ಹೇಗೋ ದಾಟಿದೆ. ಐದನೇ ವಚನದಲ್ಲಿ ವೈರಿಗಳ ಕಣ್ಣೆದುರು ಬಂದು ನಿಂತುಬಿಟ್ಟೆ. ಮುಂದೆ ಏನೂ ಬರಲಿಲ್ಲ. ಇಷ್ಟು ದಿನ ನಾನು ಪುಸ್ತಕ ನೋಡಿಕೊಂಡು ಹೇಳಿಕೊಡುತ್ತಿದ್ದೆ, ಅವಳು ಪುಸ್ತಕ ಇಲ್ಲದೆ ಹೇಳುತ್ತಿದ್ದಳು. ಆ ವ್ಯತ್ಯಾಸ ಅವತ್ತಿನವರೆಗೆ ನನ್ನ ಗಮನಕ್ಕೇ ಬಂದಿರಲಿಲ್ಲ.

ಅದಾದ ಮೇಲೆ ಧರ್ಮೋಪದೇಶಕಾಂಡದ 6ನೇ ಅಧ್ಯಾಯ ಮತ್ತೆ ತೆಗೆದು ಓದಿದೆ. ಮನೆಯಲ್ಲಿ ಕೂತಿರುವಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ ಮಕ್ಕಳಿಗೆ ಈ ಮಾತುಗಳನ್ನು ಹೇಳಿಕೊಡಬೇಕು ಅಂತ 7ನೇ ವಚನ. ನನಗೆ ಚೆನ್ನಾಗಿ ಗೊತ್ತಿದ್ದದ್ದು ಅದೇ. ಅದರ ಹಿಂದೆ 6ನೇ ವಚನ ಇದೆಯಲ್ಲ, ಈ ಮಾತುಗಳು ಮೊದಲು ನಿನ್ನ ಹೃದಯದಲ್ಲಿರಬೇಕು ಅನ್ನುವುದು, ಅದನ್ನು ಹಾರಿಬಿಟ್ಟಿದ್ದೆ. ಪೌಲ ಎಫೆಸದವರಿಗೆ ಬರೆದ ಪತ್ರದಲ್ಲೂ ಇದೇ ಕಥೆ. 6ನೇ ಅಧ್ಯಾಯದ ಮೊದಲ ವಚನ, ಮಕ್ಕಳು ತಂದೆತಾಯಿಯ ಮಾತು ಕೇಳಬೇಕು ಅನ್ನುವುದು, ನಮ್ಮ ಮನೆಯಲ್ಲಿ ಬೆತ್ತದ ಕೆಲಸ ಮಾಡುತ್ತಿತ್ತು. ಮೂರೇ ವಚನ ಕೆಳಗೆ, ಮಕ್ಕಳನ್ನು ಕೆಣಕಿ ಕೋಪ ಎಬ್ಬಿಸಬೇಡಿ ಅಂತ ತಂದೆಗಳಿಗೂ ಒಂದು ಮಾತಿದೆ. ಅದನ್ನು ಮಕ್ಕಳ ಮುಂದೆ ಗಟ್ಟಿಯಾಗಿ ಓದಿದ ನೆನಪೇ ಇಲ್ಲ. ಈಗ ಎರಡನ್ನೂ ಒಟ್ಟಿಗೆ ಓದುತ್ತೇವೆ. ನಾಲ್ಕನೆಯದು ಬಂದಾಗ ಮಗಳು ನನ್ನ ಕಡೆ ತಿರುಗಿ ಸ್ವಲ್ಪ ಜಾಸ್ತಿಯೇ ಗಟ್ಟಿಯಾಗಿ ಓದುತ್ತಾಳೆ.

ಇನ್ನೊಂದು ಹುಚ್ಚಿತ್ತು ನನಗೆ. ವಾಕ್ಯ ಸರಿಯಾಗಿ ಹೇಳಿದರೂ ಅಧ್ಯಾಯ, ವಚನದ ನಂಬರ್ ತಪ್ಪಿದರೆ ಮತ್ತೆ ಮೊದಲಿಂದ ಹೇಳಿಸುವುದು. ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಗೆ ಈಗಿರುವ ವಚನದ ನಂಬರ್ ಹಾಕಿದ್ದು 1551ರಲ್ಲಿ, ರಾಬರ್ಟ್ ಎಸ್ಟಿಯೆನ್ ಎಂಬ ಮುದ್ರಕ. ಪೌಲ ಪತ್ರ ಬರೆಯುವಾಗ ನಂಬರ್ ಹಾಕಿಕೊಂಡು ಕೂತಿರಲಿಲ್ಲ ಅಲ್ವಾ? ನಂಬರ್ ಗೊತ್ತಿದ್ದರೆ ಹುಡುಕಲು ಸುಲಭ, ಅದಕ್ಕೇ ಈಗಲೂ ಹೇಳಿಕೊಡುತ್ತೇನೆ. ತಪ್ಪಿದರೆ ಮಾತ್ರ ಬಿಟ್ಟುಬಿಡುತ್ತೇನೆ.

ನಾಲ್ಕು ವರ್ಷದ ಮಗನಿಗೆ ಯೋಹಾನ 11:35 ಸಾಕು ಅಂದುಕೊಂಡೆ. "ಯೇಸು ಕಣ್ಣೀರು ಬಿಟ್ಟನು." ಮೂರು ಪದ, ಎರಡು ನಿಮಿಷದಲ್ಲಿ ಕಲಿತ. ಯಾಕೆ ಅಂತ ಕೇಳಿದ. ಗೆಳೆಯ ಲಾಜರ ಸತ್ತಿದ್ದ, ಅದಕ್ಕೆ ಅಂದೆ. ಪಕ್ಕದಲ್ಲಿದ್ದ ಅಕ್ಕ ಬಿಡಬೇಕಲ್ಲ! "ಅವನನ್ನ ಎಬ್ಬಿಸ್ತೀನಿ ಅಂತ ಯೇಸುಗೆ ಮೊದಲೇ ಗೊತ್ತಿತ್ತಲ್ವಾ? ಮತ್ತೆ ಯಾಕೆ ಅತ್ತ?"

ಹಳೇ ನಾನಾಗಿದ್ದರೆ ಹತ್ತು ನಿಮಿಷ ಪ್ರಸಂಗ ಮಾಡುತ್ತಿದ್ದೆ. ಬಾಯಿ ತೆರೆದಿದ್ದೂ ನಿಜ. ಆಮೇಲೆ "ಗೊತ್ತಿಲ್ಲ ಪುಟ್ಟಾ, ನನಗೂ ಅದೇ ಪ್ರಶ್ನೆ" ಅಂದೆ. ಇಬ್ಬರೂ ಸ್ವಲ್ಪ ಹೊತ್ತು ಯೋಚಿಸಿದರು. "ಲಾಜರನ ಅಕ್ಕತಂಗಿಯರು ಮಾರ್ಥ, ಮರಿಯ ಅಳ್ತಿದ್ರಲ್ಲ, ಅದಕ್ಕೇ ಇರಬೇಕು" ಅಂದಳು ಮಗಳು. ತಮ್ಮನಿಗೆ ಅಷ್ಟು ಸಾಕಾಯಿತು. ನಿದ್ದೆ ಹೋದ.

23ನೇ ಕೀರ್ತನೆಯನ್ನು ಈಗ ನಾನೂ ಕಲಿಯುತ್ತಿದ್ದೇನೆ. ಪುಸ್ತಕ ಅವಳ ಕೈಯಲ್ಲಿ, ಬೆರಳು ಸಾಲಿನ ಮೇಲೆ. ನಿನ್ನೆಯೂ ಐದನೇ ವಚನದಲ್ಲಿ ಸಿಕ್ಕಿಹಾಕಿಕೊಂಡೆ. ಅವಳು ಬಾಯಿ ಬಿಡಲಿಲ್ಲ. ಎರಡೂ ಕೈಯಿಂದ ನನ್ನ ತಲೆಗೆ ಸುಮ್ಮನೆ ಎಣ್ಣೆ ಹಚ್ಚುವ ಹಾಗೆ ಮಾಡಿದಳು.

"ತೈಲ," ಅಂದೆ.

"ಹ್ಞೂಂ. ಮುಂದೆ?"