ಸೀಟು ಸಿಗ್ತದಾ ಮೇಷ್ಟ್ರೇ?

ತೀರ್ಥಹಳ್ಳಿಯಲ್ಲಿ ಪಿಯು ಮಕ್ಕಳಿಗೆ ಗಣಿತ ಹೇಳಿಕೊಡಲು ಶುರು ಮಾಡಿ ಬಹಳ ವರ್ಷ ಆಯ್ತು. ಮದುವೆಮನೆಯ ಪಂಕ್ತಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಅಡಿಕೆ ಮಂಡಿಯಲ್ಲಿ, ಎಲ್ಲಿ ಸಿಕ್ಕರೂ ಜನ ಕೇಳೋದು ಒಂದೇ: "ಮೇಷ್ಟ್ರೇ, ನಮ್ಮ ಹುಡುಗಿಗೆ ಸೀಟು ಸಿಗ್ತದಾ?" ಮೊದಲೆಲ್ಲ ಅದು ಮೆಡಿಕಲ್ ಅಥವಾ ಇಂಜಿನಿಯರಿಂಗ್ ಸೀಟು. ಈಗ ಅಮೆರಿಕದ ಹಾರ್ವರ್ಡ್, ಎಂಐಟಿ ಹೆಸರೂ ಬರುತ್ತದೆ.

ನಮ್ಮಲ್ಲಿನ ಸೀಟಾದರೆ ಧೈರ್ಯವಾಗಿ ಹೇಳುತ್ತೇನೆ. ಇಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಪಿಯು ಅಂಕ, ಅರ್ಧ ಸಿಇಟಿ ಅಂಕ. ಹಿಂದಿನ ವರ್ಷದ ಕಟಾಫ್ ಕಣ್ಣ ಮುಂದೆ ಇರುತ್ತದೆ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲೇ ಓದಿದ್ದರೆ ಗ್ರಾಮೀಣ ಕೋಟಾ, ಕನ್ನಡ ಮಾಧ್ಯಮವಾಗಿದ್ದರೆ ಅದಕ್ಕೊಂದು ಕೋಟಾ ಇದೆ. ಬಿಇಒ ಸಹಿ ಇರೋ ಸರ್ಟಿಫಿಕೇಟು ಮೊದಲೇ ಮಾಡಿಸಿಟ್ಟುಕೊಳ್ಳಿ, ಕೊನೇ ಗಳಿಗೆಯಲ್ಲಿ ಓಡಾಡಬೇಡಿ. ಐಐಟಿಯೂ ಹಾಗೇ. 2024ರಲ್ಲಿ ಅದರ ಪ್ರವೇಶ ಪರೀಕ್ಷೆ ಜೆಇಇ ಅಡ್ವಾನ್ಸ್ಡ್ ಬರೆದವರು ಸುಮಾರು 1.8 ಲಕ್ಷ, ಇದ್ದ ಸೀಟು 17,740. ಪೈಪೋಟಿ ಭಯಂಕರ, ಆದರೆ ಯಾವ ಬ್ರಾಂಚಿಗೆ ಎಷ್ಟನೇ ರ‍್ಯಾಂಕಿಗೆ ಬಾಗಿಲು ಮುಚ್ಚಿತು ಅನ್ನೋದನ್ನು ಸೀಟು ಹಂಚುವ ಜೋಸಾ ಸುತ್ತು ಸುತ್ತಿಗೂ ಪ್ರಕಟಿಸುತ್ತದೆ. ತಕ್ಕಡಿ ಎಲ್ಲರಿಗೂ ಕಾಣುತ್ತದೆ.

ಹಾರ್ವರ್ಡ್‌ನಲ್ಲಿ ಆ ತಕ್ಕಡಿಯೇ ಕಾಣುವುದಿಲ್ಲ. 2024ರಲ್ಲಿ ಸೇರಲು 54,008 ಜನ ಅರ್ಜಿ ಹಾಕಿದ್ದರು, 1,970 ಜನರಿಗೆ ಸಿಕ್ಕಿತು. ಇದನ್ನು ಹೇಳಿದ ಕೂಡಲೇ "ಹಾಗಾದ್ರೆ ನಮ್ಮ ಹುಡುಗಿಗೆ ನೂರಕ್ಕೆ ನಾಲ್ಕು ಚಾನ್ಸ್" ಅಂತಾರೆ. ಹಾಗಲ್ಲ. ಆ 1,970ರಲ್ಲಿ ಕ್ರೀಡೆಗಾಗಿಯೇ ಆರಿಸಿಕೊಂಡ ಆಟಗಾರರು ಇದ್ದಾರೆ, ಅಲ್ಲೇ ಓದಿದವರ ಮಕ್ಕಳು ಇದ್ದಾರೆ. 2023ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಬಂದ ಹಾರ್ವರ್ಡ್ ಪ್ರವೇಶದ ಕೇಸಿನಲ್ಲಿ ಹೊರಬಿದ್ದ ಲೆಕ್ಕದ ಪ್ರಕಾರ, ಹಳೇ ವಿದ್ಯಾರ್ಥಿಗಳ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಸಿಗುತ್ತಿತ್ತು. ಅವರನ್ನೆಲ್ಲ ಬಿಟ್ಟು ಲೆಕ್ಕ ಹಾಕಿದರೆ ಉಳಿದವರ ಪಾಲು ಇನ್ನೂ ಇಳಿಯುತ್ತದೆ. ಎಂಐಟಿಯ ಪದವಿ ತರಗತಿಗಳಲ್ಲಂತೂ ಹೊರದೇಶದವರು ಹತ್ತರಲ್ಲಿ ಒಬ್ಬರ ಆಸುಪಾಸು. ಆ ಒಂದು ಜಾಗಕ್ಕೆ ಇಡೀ ಜಗತ್ತೇ ಸಾಲು ನಿಂತಿರುತ್ತದೆ.

ದುಡ್ಡಿನ ಮಾತು ಇನ್ನೂ ದೊಡ್ಡದು. ಅಲ್ಲಿನ ಹೆಚ್ಚಿನ ಕಡೆ ಹೊರದೇಶದ ಮಗು ನೆರವು ಬೇಕು ಅಂದರೆ ಅವಕಾಶ ಕಡಿಮೆಯಾಗುತ್ತದೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್, ಡಾರ್ಟ್‌ಮತ್‌ನಂಥ ಕೆಲವು ಕಡೆ ಮಾತ್ರ ಆಯ್ಕೆ ಮಾಡುವಾಗ ಮನೆಯ ದುಡ್ಡು ನೋಡುವುದಿಲ್ಲ, ಆಯ್ಕೆಯಾದರೆ ಕೊರತೆ ತುಂಬಿಕೊಡುತ್ತಾರೆ. ಎರಡು ಎಕರೆ ತೋಟದ ಮನೆಯವರು ಬೇರೆಲ್ಲದಕ್ಕಿಂತ ಮೊದಲು ನೋಡಬೇಕಾದದ್ದು ಇದನ್ನು.

ಹೊರದೇಶದ ಕಾಲೇಜಿಗೆ ಅರ್ಜಿ ಹಾಕಿಸುವ ಒಬ್ಬ ಕನ್ಸಲ್ಟೆಂಟು ಹೊಸನಗರ ಕಡೆಯ ನನ್ನ ಒಬ್ಬ ವಿದ್ಯಾರ್ಥಿನಿಯ ಅಪ್ಪನಿಗೆ "20 ಕಡೆ ಹಾಕಿ, ಒಂದು ಕಡೆಯಾದರೂ ಗ್ಯಾರಂಟಿ" ಅಂದಿದ್ದರಂತೆ. ನನಗೆ ತಡೆಯಲಾರದಷ್ಟು ಸಿಟ್ಟು ಬಂತು. ಒಂದೊಂದು ಕಡೆ ಶೇ. 5 ಅಂತ ಇಟ್ಟುಕೊಂಡು ಗುಣಿಸಿದರೂ 20 ಕಡೆಗೆ ಸೇರಿ ಶೇ. 64 ಬರುತ್ತದೆ, ಗ್ಯಾರಂಟಿ ಎಲ್ಲಿಂದ ಬಂತು? ಆ 64 ಕೂಡ ಒಂದರ ತೀರ್ಮಾನಕ್ಕೂ ಇನ್ನೊಂದಕ್ಕೂ ಸಂಬಂಧ ಇಲ್ಲದಿದ್ದರೆ ಮಾತ್ರ ಸರಿ. ಇಲ್ಲಿ 20 ಕಡೆಗೂ ಹೋಗುವುದು ಅದೇ ಅಂಕ, ಅರ್ಜಿಯ ಜೊತೆ ತನ್ನ ಬಗ್ಗೆ ಬರೆದ ಅದೇ ಪ್ರಬಂಧ. ಒಬ್ಬರಿಗೆ ಸಪ್ಪೆ ಅನ್ನಿಸಿದ್ದು ಉಳಿದವರಿಗೂ ಸಪ್ಪೆ ಅನ್ನಿಸೋದೇ ಜಾಸ್ತಿ.

ಆ ಹುಡುಗಿಯ ಪ್ರಬಂಧ ಓದಿದೆ. ನಾಯಕತ್ವ, ಸಮಾಜಸೇವೆ ಅಂತ ಎರಡು ಪುಟ, ಯಾರು ಬೇಕಾದರೂ ಬರೆಯಬಹುದಾದದ್ದು. "ಮಳೆಗಾಲದಲ್ಲಿ ಏನ್ ಮಾಡ್ತೀಯಮ್ಮ?" ಅಂತ ಸುಮ್ನೆ ಕೇಳಿದೆ. ಮಾರನೇ ದಿನ ಒಂದು ಚೌಕುಳಿ ಗಣಿತದ ಪುಸ್ತಕ ತಂದಳು. ನಾಲ್ಕು ಮಳೆಗಾಲದ ಲೆಕ್ಕ ಅದರಲ್ಲಿತ್ತು. ಪ್ಲಾಸ್ಟಿಕ್ ಬಾಟಲಿ ಕತ್ತರಿಸಿ ಅಳೆದ ಮಳೆ, ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆದ ತಾರೀಖು, ಹನ್ನೆರಡು ಮರಗಳ ಬುಡದಲ್ಲಿ ದಿನಾ ಬೆಳಿಗ್ಗೆ ಹೆಕ್ಕಿದ ಕೊಳೆ ಅಡಿಕೆಯ ಎಣಿಕೆ. ಎಷ್ಟೋ ಪುಟಗಳ ಅಂಚಲ್ಲಿ ಆ ಔಷಧಿಗೆ ಹಾಕುವ ಮೈಲುತುತ್ತದ ನೀಲಿ ಬೆರಳಚ್ಚು. ಎರಡನೇ ಸಲ ಔಷಧಿ ಹೊಡೆಯೋದು ತಡವಾದ ವರ್ಷ ಎಣಿಕೆ ಎಷ್ಟು ಏರಿತು ಅಂತ ಗ್ರಾಫ್ ಕೂಡ ಹಾಕಿದ್ದಳು. "ಇದೆಲ್ಲ ಬರೀಬಹುದಾ ಸರ್?" ಅಂದಳು.

ಅದನ್ನೇ ಬರೆದಳು. ಅಮೆರಿಕದ ಎರಡು ಕಡೆ ಹಾಕಿದ್ದಳು, ಎರಡೂ ಕಡೆಯಿಂದ ಇಲ್ಲ ಅಂತ ಬಂತು. ಕಾರಣ ಬರೆದಿರಲಿಲ್ಲ. ಆ ಪ್ರಬಂಧ ಈಗಲೂ ನಾನು ಓದಿದ್ದರಲ್ಲೇ ಒಳ್ಳೆಯದು ಅಂತ ನನ್ನ ಅನಿಸಿಕೆ, ಆದರೂ ಸಿಗುತ್ತದೆ ಅಂತ ನಾನು ಮೊದಲೂ ಹೇಳಿರಲಿಲ್ಲ, ಹೇಳಲು ನನ್ನ ಹತ್ತಿರ ಆಧಾರವೂ ಇರಲಿಲ್ಲ. ಸಿಇಟಿಯನ್ನು ಮಾತ್ರ ಬಿಡಬೇಡ ಅಂದಿದ್ದೆ. ಅವಳು ಈಗ ಇರುವಕ್ಕಿಯ ಕೃಷಿ ವಿಶ್ವವಿದ್ಯಾಲಯದಲ್ಲಿ ಬಿಎಸ್ಸಿ ಅಗ್ರಿ ಓದುತ್ತಿದ್ದಾಳೆ.

ಹಾಗಾಗಿ ಸೀಟು ಸಿಗ್ತದಾ ಅಂತ ಕೇಳುವವರು ಮಾರ್ಕ್ಸ್ ಕಾರ್ಡಿನ ಫೋಟೋ ಕಳಿಸಬೇಡಿ, ಮಗುವನ್ನೇ ಕರೆದುಕೊಂಡು ಬನ್ನಿ. ಭಾನುವಾರ ಬೆಳಿಗ್ಗೆ ಮನೆಯಲ್ಲೇ ಇರುತ್ತೇನೆ.