‘ಆಗ ಖರೇನ ಅಷ್ಟು ಚಲೋ ಇತ್ತೇನ್ರಿ?’ ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ನಮ್ಮ ಟೆಕ್ಸ್ಟ್ ರೋಲ್‌ಪ್ಲೇ ಗುಂಪಿಗೆ ಹೊಸದಾಗಿ ಬಂದವರು ಸ್ವಲ್ಪ ದಿನ ಸುಮ್ನೆ ಓದುತ್ತಾರೆ. ಆಮೇಲೆ ನನಗೆ ಬೇರೆಯಾಗಿ ಮೆಸೇಜ್ ಮಾಡಿ ಒಂದೇ ಪ್ರಶ್ನೆ ಕೇಳುತ್ತಾರೆ. ‘ಅಣ್ಣಾರ, ಇಲ್ಲಿ ಹಳಬರೆಲ್ಲಾ ಬರೇ ಗೊಣಗ್ತಾರಲ್ರಿ. ಆಗ ಹಂಗಿತ್ತು, ಆಗ ಹಿಂಗಿತ್ತು ಅಂತಾರ. ಆಗ ಖರೇನ ಅಷ್ಟು ಚಲೋ ಇತ್ತೇನ್ರಿ? ಈಗ ಅಷ್ಟು ಕೆಟ್ಟಿದ್ರ ಅವರು ಯಾಕ ಇನ್ನೂ ಇಲ್ಲೇ ಅದಾರ?’ ಹುಬ್ಬಳ್ಳಿಯಲ್ಲಿ, ಧಾರವಾಡದಲ್ಲಿ ಎದುರಿಗೆ ಸಿಕ್ಕವರೂ ಇದನ್ನೇ ಕೇಳಿದ್ದಾರೆ. ಒಬ್ಬೊಬ್ಬರಿಗೂ ಅರ್ಧ ಉತ್ತರ ಕೊಟ್ಟು ಬಿಟ್ಟಿದ್ದೇನೆ. ಇಲ್ಲಿ ಪೂರ್ತಿ ಬರೆಯುತ್ತೇನೆ.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದರಲ್ಲಿ ಚಿತ್ರ ಇಲ್ಲ, ಧ್ವನಿ ಇಲ್ಲ. ಬರೇ ಅಕ್ಷರ. ನಾನೊಂದು ಪಾತ್ರ, ನೀವೊಂದು ಪಾತ್ರ. ನನ್ನ ಪಾತ್ರ ಏನು ಮಾಡಿತು, ಏನು ಹೇಳಿತು ಅಂತ ನಾನು ಬರೆಯುತ್ತೇನೆ. ಅದಕ್ಕೆ ನಿಮ್ಮ ಪಾತ್ರ ಹೇಗೆ ನಡೆದುಕೊಂಡಿತು ಅಂತ ನೀವು ಬರೆಯುತ್ತೀರಿ. ಹೀಗೆ ಒಂದು ಸೀನ್ ಬೆಳೆಯುತ್ತದೆ. ನಮ್ಮ ಆಟ ನಡೆಯುವುದು ಗದಗ ಹತ್ತಿರದ ಲಕ್ಕುಂಡಿಯಲ್ಲಿ. ಇವತ್ತಿನ ಲಕ್ಕುಂಡಿ ಅಲ್ಲ, ಅತ್ತಿಮಬ್ಬೆ ಬ್ರಹ್ಮ ಜಿನಾಲಯ ಕಟ್ಟಿಸಿದ ಕಾಲದ ಲೊಕ್ಕಿಗುಂಡಿ. ಅಂದರೆ 1007ರ ಆಸುಪಾಸು. ಟಂಕಸಾಲೆಯ ಕೆಲಸಗಾರರು, ಶಿಲ್ಪಿಗಳು, ವ್ಯಾಪಾರಿಗಳು, ಬಾವಿಕಟ್ಟೆಯ ಜಗಳಗಳು, ಎಲ್ಲಾ ಇವೆ.

ಈಗ ಪ್ರಶ್ನೆಗೆ ಬರುತ್ತೇನೆ. ಹೌದು, ಆಗ ಒಂದು ವಿಷಯ ನಿಜವಾಗಿಯೂ ಚೆನ್ನಾಗಿತ್ತು. ಆದರೆ ಹಳಬರು ಗೊಣಗುವಾಗ ಹೇಳುವ ವಿಷಯ ಅದಲ್ಲ. ಅವರು ಹೇಳುವುದು ‘ಆಗಿನವರು ಚೆನ್ನಾಗಿ ಬರೀತಿದ್ರು, ಈಗಿನವರಿಗೆ ತಾಳ್ಮೆ ಇಲ್ಲ’ ಅಂತ. ನಾನು ಇದನ್ನು ಒಪ್ಪುವುದಿಲ್ಲ. ಚೆನ್ನಾಗಿದ್ದದ್ದು ಎಲ್ಲರೂ ಒಂದೇ ಹೊತ್ತಿಗೆ ಸೇರುತ್ತಿದ್ದದ್ದು. ಅದೂ ಯಾರೋ ಯೋಚಿಸಿ ಮಾಡಿದ ವ್ಯವಸ್ಥೆಯಲ್ಲ. ಇಂಟರ್ನೆಟ್ ದುಬಾರಿಯಾಗಿತ್ತು, ಹಾಗಾಗಿ ಸೇರುತ್ತಿದ್ದರು.

ಈ ಆಟದ ಮೂಲದಲ್ಲೇ ಇದು ಕಾಣುತ್ತದೆ. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ 1978ರಲ್ಲಿ ರಾಯ್ ಟ್ರಬ್‌ಶಾ ಎಂಬ ವಿದ್ಯಾರ್ಥಿ ‘ಮಡ್’ ಎಂಬ ಆಟ ಬರೆಯಲು ಶುರು ಮಾಡಿದ. 1980ರ ಹೊತ್ತಿಗೆ ಅದನ್ನು ಗೆಳೆಯ ರಿಚರ್ಡ್ ಬಾರ್ಟಲ್ ಕೈಗೆ ಕೊಟ್ಟ. ಬಹಳ ಜನ ಒಂದೇ ಲೋಕದೊಳಗೆ ಸೇರಿ ಅಕ್ಷರದಲ್ಲೇ ಆಡುವ ಆಟಗಳಿಗೆ ಮಡ್ ಎಂಬ ಹೆಸರು ಅಲ್ಲಿಂದಲೇ ಬಂತು. ವಿಶ್ವವಿದ್ಯಾಲಯದ ಕಂಪ್ಯೂಟರಿಗೆ ಹಗಲು ಬೇರೆ ಕೆಲಸ ಇರುತ್ತಿತ್ತು. ಹೊರಗಿನವರು ಮೋಡೆಮ್ ಹಚ್ಚಿ ಆಡಬೇಕಾದರೆ ಕಂಪ್ಯೂಟರ್ ಬಿಡುವಾಗುವ ರಾತ್ರಿ ಹೊತ್ತಿಗೇ ಬರಬೇಕಿತ್ತು. ಬಂದವರೆಲ್ಲ ಅದೇ ಹೊತ್ತಿಗೆ ಬರುತ್ತಿದ್ದರು.

ನಮ್ಮ ಕಡೆ ಆದದ್ದೂ ಅದೇ. 2005ರಲ್ಲಿ ಬಿಎಸ್ಸೆನ್ನೆಲ್ ಬ್ರಾಡ್‌ಬ್ಯಾಂಡ್ ಬಂತು. ಅದರ ಕೆಲವು ಪ್ಲಾನುಗಳಲ್ಲಿ ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಎಷ್ಟು ಬಳಸಿದರೂ ಲೆಕ್ಕ ಇರಲಿಲ್ಲ. ಹಗಲು ಬಳಸಿದರೆ ಬಿಲ್ಲು ಏರುತ್ತಿತ್ತು. ಹಾಗಾಗಿ ಕಾಲೇಜು ಹುಡುಗರು ಅಲಾರಾಂ ಇಟ್ಟು ಎರಡಕ್ಕೆ ಏಳುತ್ತಿದ್ದರು. ನಮಗೆ ರಾತ್ರಿ 2 ಆದಾಗ ಇಂಗ್ಲೆಂಡಿನಲ್ಲಿ ರಾತ್ರಿ ಎಂಟೂವರೆ, ಬೇಸಿಗೆಯಾದರೆ ಒಂಬತ್ತೂವರೆ. ಇದೇ ಆಟ ಆಡುವ ಅಲ್ಲಿನವರು ಊಟ ಮುಗಿಸಿ ಆಡಲು ಕೂತಿರುತ್ತಿದ್ದರು. ನೀವು ಒಂದು ಸಾಲು ಬರೆದರೆ ಅರ್ಧ ನಿಮಿಷದಲ್ಲಿ ಉತ್ತರ. ಕಂಪನಿ ನಾಟಕಕ್ಕೆ ಥಿಯೇಟರ್ ತುಂಬಿದರೆ ನಟನಿಗೆ ಹೇಗೆ ಹುರುಪು ಬರುತ್ತದೋ ಹಾಗೆ, ಬರೆಯುವ ಕೈಗೆ ತಾನಾಗಿಯೇ ಹುರುಪು ಬರುತ್ತಿತ್ತು. ಸಾಧಾರಣ ಬರವಣಿಗೆಯೂ ಆ ವೇಗದಲ್ಲಿ ಚೆನ್ನಾಗಿ ಕಾಣುತ್ತಿತ್ತು.

2016ರಲ್ಲಿ ಜಿಯೋ ಬಂದ ಮೇಲೆ ಎಲ್ಲರ ಕೈಯಲ್ಲೂ ದಿನವಿಡೀ ಡೇಟಾ. ಯಾವಾಗ ಬೇಕಾದರೂ ಬರಬಹುದು. ಹಾಗಾಗಿ ಒಬ್ಬರು ಬಸ್ಸಿನಲ್ಲಿ ಬರೆಯುತ್ತಾರೆ, ಇನ್ನೊಬ್ಬರು ಮಾರನೇ ದಿನ ಊಟದ ಬಿಡುವಿನಲ್ಲಿ. ನಿಮ್ಮ ಪಾತ್ರ ಕೇಳಿದ ಪ್ರಶ್ನೆಗೆ ಉತ್ತರ ಬರಲು ಎರಡು ದಿನ. ಅಷ್ಟರಲ್ಲಿ ಸೀನಿನ ಬಿಸಿ ಆರಿರುತ್ತದೆ. ಇದು ಈಗಿನವರ ತಪ್ಪಲ್ಲ. ಆದರೆ ಹಳಬರಿಗೆ ಎದುರಿಗೆ ಕಾಣುವವರು ಈಗಿನವರೇ. ಸಿಟ್ಟು ಅವರ ಮೇಲೇ ತಿರುಗುತ್ತದೆ.

ಜಗಳ, ಕೆಟ್ಟ ಮಾತು, ಅಡ್ಮಿನ್‌ಗಳ ಮೇಲೆ ದೂರು, ಇವೆಲ್ಲ ಈಗ ಶುರುವಾದವು ಎನ್ನುವುದಂತೂ ಸುಳ್ಳು. ಪಾವೆಲ್ ಕರ್ಟಿಸ್ ಎಂಬಾತ ಅಮೆರಿಕದ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ 1990ರಲ್ಲಿ ‘ಲ್ಯಾಂಬ್ಡಾಮೂ’ ಎಂಬ ಅಕ್ಷರಲೋಕ ಶುರು ಮಾಡಿದ. ಹಳಬರು ಸುವರ್ಣಯುಗ ಅಂತ ಕರೆಯುವುದು ಇದೇ ಕಾಲವನ್ನು. ಅಲ್ಲಿನ ಜಗಳ ಬಿಡಿಸಿ ಬಿಡಿಸಿ ಸಾಕಾಗಿ, ಇನ್ನು ಮುಂದೆ ಆಡಳಿತದವರು ಜನರ ನಡುವಿನ ವ್ಯಾಜ್ಯಕ್ಕೆ ಕೈಹಾಕುವುದಿಲ್ಲ, ನೀವೇ ನೋಡಿಕೊಳ್ಳಿ ಅಂತ 1992ರ ಡಿಸೆಂಬರಿನಲ್ಲಿ ಆತ ಘೋಷಿಸಿದ. ಆಮೇಲೆ ಅಲ್ಲಿ ಒಬ್ಬ ಆಟಗಾರ ಬೇರೆಯವರ ಪಾತ್ರಗಳನ್ನು ತನ್ನ ಹಿಡಿತಕ್ಕೆ ತೆಗೆದುಕೊಂಡು, ಎಲ್ಲರೆದುರು ಅವುಗಳ ಮೇಲೆ ಲೈಂಗಿಕ ದೌರ್ಜನ್ಯದ ಸಾಲುಗಳನ್ನು ಬರೆದ. ಜೂಲಿಯನ್ ಡಿಬೆಲ್ ಎಂಬ ಪತ್ರಕರ್ತ 1993ರ ಕೊನೆಯಲ್ಲಿ ಆ ಬಗ್ಗೆ ಬರೆದ ಲೇಖನ ಈಗಲೂ ಓದಲು ಸಿಗುತ್ತದೆ. ಆ ಘಟನೆಯ ನಂತರ ಅಲ್ಲಿ ಅರ್ಜಿ, ಮತದಾನ ಎಲ್ಲಾ ಬಂತು. ಅದೂ ಸರಿಹೋಗದೆ 1996ರಲ್ಲಿ ಆಡಳಿತದವರು ಅಧಿಕಾರವನ್ನು ವಾಪಸ್ ತೆಗೆದುಕೊಂಡರು. ಆ ಕಾಲದಲ್ಲಿ ಅಕ್ಷರ ನಂಬಿ ಬಂದ ಹೆಣ್ಣುಮಕ್ಕಳು ಏನೇನು ಸಹಿಸಿದರು ಅಂತ ಓದಿದರೆ, ‘ಆಗ ಚಲೋ ಇತ್ತು’ ಅಂತ ಎಲ್ಲರ ಪರವಾಗಿ ಹೇಳುವ ಧೈರ್ಯ ನನಗಂತೂ ಬರುವುದಿಲ್ಲ.

ಹಾಗಾದರೆ ಗೊಣಗಾಟ ಈ ಆಟದಲ್ಲೇ ಯಾಕೆ ಇಷ್ಟು ಜಾಸ್ತಿ? ಇಲ್ಲಿ ಬರೆದವರಿಗೆ ಸಿಗುವ ಕೂಲಿ ಒಂದೇ, ಉತ್ತರ. ಅಂಕ ಇಲ್ಲ, ಗೆಲುವು ಇಲ್ಲ, ಲೈಕೂ ಇಲ್ಲ. ಕಷ್ಟಪಟ್ಟು ಬರೆದ ಸೀನಿಗೆ ಯಾರೂ ಉತ್ತರಿಸದಿದ್ದರೆ ಆಗುವ ನೋವು ದೊಡ್ಡದು. ಅದನ್ನು ಬಾಯಿಬಿಟ್ಟು ಹೇಳಲು ಸಂಕೋಚ. ‘ನನ್ನ ಸೀನಿಗೆ ಯಾರೂ ಬರಲಿಲ್ಲ, ಬೇಜಾರಾಗಿದೆ’ ಅನ್ನುವ ಬದಲು ‘ಈ ಗುಂಪು ಸತ್ತುಹೋಗಿದೆ, ಹಿಂದೆ ಹೀಗಿರಲಿಲ್ಲ’ ಅಂತ ಬರೆಯುತ್ತಾರೆ. ನಾನು ನೋಡಿದ ಇಂಥ ದೂರುಗಳಲ್ಲಿ ಮುಕ್ಕಾಲು ಪಾಲು ಉತ್ತರ ಸಿಗದೇ ಹೋದ ಸೀನಿನಿಂದ ಹುಟ್ಟಿದವು. ಮುಖ ಕಾಣದ ಕಾರಣ ಆ ಸಾಲಿನ ಹಿಂದಿನ ನೋವು ಓದುವವರಿಗೆ ಕಾಣುವುದಿಲ್ಲ. ಬರೇ ಬಿರುಸು ಕಾಣುತ್ತದೆ.

ಇದರ ಪೆಟ್ಟು ಬೀಳುವುದು ಹೊಸಬರ ಮೇಲೆ. ಹಾವೇರಿಯ ಒಬ್ಬ ಹುಡುಗಿ ನಮ್ಮ ಗುಂಪಿಗೆ ಬಂದಳು. ಮೊದಲ ಸೀನಿನಲ್ಲೇ ಲೊಕ್ಕಿಗುಂಡಿಯ ಬಾವಿಕಟ್ಟೆ ಹತ್ತಿರ ಒಬ್ಬ ಮುದುಕಿ ಮೆಣಸಿನಕಾಯಿ ಬಜ್ಜಿ ಕರಿಯುತ್ತಿದ್ದಳು ಅಂತ ಬರೆದಳು. ಬ್ಯಾಡಗಿ ಸೀಮೆಯ ಹುಡುಗಿಗೆ ಮೆಣಸಿನಕಾಯಿ ಇಲ್ಲದ ಸಂತೆ ಹೇಗೆ ಹೊಳೆಯಬೇಕು, ಹೇಳಿ. ನಿಜ, ಆ ಕಾಲದಲ್ಲಿ ನಮ್ಮಲ್ಲಿ ಮೆಣಸಿನಕಾಯಿ ಇರಲಿಲ್ಲ. ಅದು ಅಮೆರಿಕ ಖಂಡದ ಗಿಡ, ಪೋರ್ಚುಗೀಸರ ಜೊತೆ ಬಂದದ್ದು, ಅತ್ತಿಮಬ್ಬೆಯ ನಂತರ ಐನೂರು ವರ್ಷ ಬೇಕಾಯಿತು. ತಿದ್ದಬೇಕಾದ ವಿಷಯವೇ. ಆದರೆ ಹಳಬರು ಒಬ್ಬರ ಹಿಂದೆ ಒಬ್ಬರು ಅದನ್ನೇ ಹಿಡಿದುಕೊಂಡರು. ‘ನಮ್ಮ ಕಾಲದಲ್ಲಿ ಓದಿಕೊಂಡು ಬರ್ತಿದ್ವಿ’ ಅಂತ ಒಬ್ಬರು. ‘ಇದಕ್ಕೇ ಗುಂಪು ಹಾಳಾಗಿದ್ದು’ ಅಂತ ಇನ್ನೊಬ್ಬರು. ಆ ಮುದುಕಿಯ ಮಾತು ಎಷ್ಟು ಜೀವಂತವಾಗಿತ್ತು, ಅವಳು ಟಂಕಸಾಲೆಯವನಿಗೆ ಕೊಟ್ಟ ಬೈಗುಳ ಎಷ್ಟು ಸೊಗಸಾಗಿತ್ತು, ಯಾರೂ ಹೇಳಲಿಲ್ಲ. ಹುಡುಗಿ ಮತ್ತೆ ಬರೆಯಲಿಲ್ಲ. ಮಾರನೇ ವಾರ ಅದೇ ಹಳಬರು ‘ಹೊಸಬರು ನಿಲ್ಲೋದೇ ಇಲ್ಲ’ ಅಂತ ಬರೆದರು. ನನಗೆ ತುಂಬ ಸಿಟ್ಟು ಬಂತು. ಈಗಲೂ ಇದೆ.

ಆದರೂ ಹಳಬರ ನೆನಪನ್ನು ಸುಮ್ನೆ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಈ ಆಟದಲ್ಲಿ ವರ್ಷಗಟ್ಟಲೆ ಜೊತೆಗೆ ಬರೆದವರ ನಿಜವಾದ ಹೆಸರೂ ಎಷ್ಟೋ ಸಲ ಗೊತ್ತಿರುವುದಿಲ್ಲ. ಪಾತ್ರದ ಹೆಸರೇ ಗುರುತು. ಒಂದು ದಿನ ಅವರು ಬರುವುದು ನಿಲ್ಲಿಸುತ್ತಾರೆ. ಕೆಲಸ ಸಿಕ್ಕಿತೋ, ಮದುವೆಯಾಯಿತೋ, ಆಸ್ಪತ್ರೆ ಸೇರಿದರೋ, ಸತ್ತೇಹೋದರೋ, ಕೇಳಲು ಯಾರೂ ಇಲ್ಲ. ಮನೆಯವರಿಗೆ ನಮ್ಮ ಸುದ್ದಿಯೇ ಗೊತ್ತಿರುವುದಿಲ್ಲ. ಮಾತಾಡಿಸಲು ಹೋಗುವ ಮನೆಯಿಲ್ಲ, ತಿಥಿಯಿಲ್ಲ, ಫೋಟೋ ಇಲ್ಲ. ಕೊನೆಗೆ ಬರೆದ ಸಾಲಾದರೂ ಉಳಿದಿದೆಯಾ ಅಂದರೆ ಎಷ್ಟೋ ಕಡೆ ಅದೂ ಇಲ್ಲ. ಯಾಹೂ ಗ್ರೂಪ್ಸ್ 2020ರ ಡಿಸೆಂಬರ್ 15ರಂದು ಮುಚ್ಚಿತು. ಅದಕ್ಕೂ ಮೊದಲೇ ಅಲ್ಲಿನ ಹಳೆಯ ಮೆಸೇಜುಗಳನ್ನು ತೆಗೆದಿದ್ದರು. ಮೇಲ್ ಮೂಲಕ ಪಾತ್ರ ಆಡುತ್ತಿದ್ದ ಗುಂಪುಗಳ ಬರಹ ಎಷ್ಟೋ ಅದರ ಜೊತೆ ಹೋಯಿತು. ಹೀಗೆ ಕಳೆದುಕೊಂಡವರು ‘ಆಗ ಚಲೋ ಇತ್ತು’ ಅಂದರೆ ಅದು ದುಃಖದ ಮಾತು. ಅವರಿಗೆ ಒಬ್ಬ ಮನುಷ್ಯ ಬೇಕಾಗಿದ್ದಾನೆ. ಅದನ್ನು ಹಾಗೇ ಹೇಳಿದರೆ ಯಾರಿಗೂ ನೋವಾಗುವುದಿಲ್ಲ, ಅಲ್ವಾ?

ಇನ್ನೊಂದು ಮಾತು. ಕನ್ನಡದಲ್ಲಿ ಆಡುವವರಿಗೆ ಆ ಹಳೆಯ ಸುವರ್ಣಯುಗ ಇರಲೇ ಇಲ್ಲ. ಆಗಿನ ಮಡ್‌ಗಳು ಹೆಚ್ಚಾಗಿ ಇಂಗ್ಲಿಷ್ ಅಕ್ಷರ ಬಿಟ್ಟು ಬೇರೆ ಅಕ್ಷರ ತೋರಿಸುತ್ತಿರಲಿಲ್ಲ. ನಮ್ಮವರು ಬರೆದದ್ದು ಇಂಗ್ಲಿಷಿನಲ್ಲಿ, ಇಲ್ಲಾ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡದಲ್ಲಿ. ಪಾತ್ರಗಳು ಕತ್ತಿ ಹಿಡಿದ ನೈಟ್‌ಗಳು, ಹೋಟೆಲು ಅಂದರೆ ಟ್ಯಾವರ್ನ್. ಇವತ್ತು ಫೋನಿನಲ್ಲೇ ಯೂನಿಕೋಡ್ ಕನ್ನಡ ಬರುತ್ತದೆ. ಲೊಕ್ಕಿಗುಂಡಿಯ ಶಿಲ್ಪಿ ಧಾರವಾಡದ ಕನ್ನಡದಲ್ಲಿ ಬೈಯುತ್ತಾನೆ, ಅದನ್ನು ಓದಿ ಗದಗಿನವರು ನಗುತ್ತಾರೆ. 2005ರಲ್ಲಿ ಇದು ಎಲ್ಲಿತ್ತು? ನಮ್ಮ ಒಳ್ಳೆಯ ಕಾಲ ಇದೇ ಅಂತ ನಾನು ನಂಬಿದ್ದೇನೆ.

ಹಾಗಾಗಿ ಗುಂಪಿನಲ್ಲಿ ಕೆಲವು ಪದ್ಧತಿ ತಂದಿದ್ದೇವೆ. ಬುಧವಾರ, ಶನಿವಾರ ರಾತ್ರಿ 9.30ಕ್ಕೆ ಬಂದವರು ಎಲ್ಲರೂ ಒಟ್ಟಿಗೆ ಆಡುವುದು. ಆ ಹೊತ್ತಿನಲ್ಲಿ ಉತ್ತರ ಬೇಗ ಬರುತ್ತದೆ, ಗೊಣಗಾಟ ಎಷ್ಟು ಕಡಿಮೆಯಾಯಿತು ಅಂದರೆ ನನಗೇ ಆಶ್ಚರ್ಯ. ಹಳೆಯ ಕಥೆಗೆ ಬೇರೆ ಚಾನೆಲ್ ಇದೆ. ಅಲ್ಲಿ ‘ಆಗ ಚಲೋ ಇತ್ತು’ ಅಂತ ಬರೆದು ಬಿಡುವ ಹಾಗಿಲ್ಲ. ಯಾವ ಸೀನ್, ಯಾರ ಜೊತೆ, ಏನಾಯಿತು ಅಂತ ಹೇಳಬೇಕು. ಹೊಸಬರು ಅದನ್ನು ಓದಲು ಇಷ್ಟಪಡುತ್ತಾರೆ, ಕಲಿಯುತ್ತಾರೆ ಕೂಡ. ದೂರು ಇದ್ದರೆ ಸೀನಿನ ಬಗ್ಗೆ ಇರಬೇಕು. ನಿಮ್ಮನ್ನು ಕೇಳದೆ ನಿಮ್ಮ ಪಾತ್ರವನ್ನು ಇನ್ನೊಬ್ಬರು ಕೊಂದುಹಾಕಿದರೆ ಅದು ಗಾಡ್‌ಮೋಡಿಂಗ್, ಜೋರಾಗಿಯೇ ಹೇಳಿ. ‘ಈಗಿನವರು’ ಅಂತ ಶುರುವಾಗುವ ವಾಕ್ಯ ಮಾತ್ರ ಬೇಡ. ಕಾಲಕ್ಕೆ ಹೊಂದದ ವಸ್ತು ಬಂದರೆ ಒಬ್ಬರೇ, ಬೇರೆಯಾಗಿ, ‘ಮೆಣಸಿನಕಾಯಿ ಬದಲು ಕಾಳುಮೆಣಸು ಹಾಕೋಣೇನ್ರಿ?’ ಅಂತ ಕೇಳಿದರೆ ಸಾಕು.

ಅವರು ಯಾಕೆ ಇನ್ನೂ ಇಲ್ಲೇ ಇದ್ದಾರೆ ಎನ್ನುವ ಪ್ರಶ್ನೆ ಉಳಿಯಿತು. ಜಾಸ್ತಿ ಗೊಣಗುವ ಹಿರಿಯರೊಬ್ಬರು ನಮ್ಮಲ್ಲಿದ್ದಾರೆ. ಹೊಸಬರ ಸೀನಿಗೆ ಈಗ ಎಲ್ಲರಿಗಿಂತ ಮೊದಲು ಉತ್ತರ ಬರೆಯುವವರೂ ಅವರೇ. ಕೆಲವೊಮ್ಮೆ ಬೆಳಗಿನ ನಾಲ್ಕಕ್ಕೆ. ಅವರಿಗೆ ಈ ಆಟದ ಮೇಲೆ ಪ್ರೀತಿ ಇದೆ, ಅದಕ್ಕೇ ಇದ್ದಾರೆ. ನೀವು ಬಂದ ಹೊಸದರಲ್ಲಿ ಅವರ ಮಾತಿಗಿಂತ ಅವರ ಸೀನ್ ಓದಿ.

ರಾತ್ರಿ ಪಾಳಿಯವರ ಕಷ್ಟ ಮಾತ್ರ ಇನ್ನೂ ಬಗೆಹರಿದಿಲ್ಲ. ನರ್ಸ್ ಕೆಲಸದವರು, ಬಸ್ ಡಿಪೋದವರು 9.30ಕ್ಕೆ ಬರಲಾರರು. ಅವರಿಗಾಗಿ ಭಾನುವಾರ ಮಧ್ಯಾಹ್ನ ಒಂದು ಸೀನ್ ನಡೆಸುವ ಯೋಚನೆ ಇದೆ. ಹಳಬರಲ್ಲಿ ಇಬ್ಬರು ಬರುತ್ತೇವೆ ಅಂದಿದ್ದಾರೆ. ಇನ್ನೂ ಒಂದಿಬ್ಬರು ಸಿಕ್ಕರೆ ಬರುವ ತಿಂಗಳೇ ಶುರು ಮಾಡುತ್ತೇವೆ.