ವೋಟಿಗೆ ಒಂದು ದಿನ ರಜೆ ಕೊಟ್ಟರೆ ಸಾಕಾ?

ತುಮಕೂರಿನ ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ನಾನು ಎಚ್‌ಆರ್. ಹಾಜರಿ, ಸಂಬಳ, ಪಿಎಫ್ ಎಲ್ಲಾ ನನ್ನ ಟೇಬಲ್ಲಿಗೇ ಬರುತ್ತದೆ. ಹಾಗಾಗಿ ಯಾರು ವೋಟಿಗೆ ಊರಿಗೆ ಹೋದರು, ಯಾರು ಹೋಗಲಿಲ್ಲ ಅನ್ನುವುದೂ ಗೊತ್ತಾಗುತ್ತದೆ.

2024ರ ಲೋಕಸಭೆ ಚುನಾವಣೆಯಲ್ಲಿ ನಮಗೆ ಏಪ್ರಿಲ್ 26ಕ್ಕೆ ಮತದಾನ. ರಾಯಚೂರು, ಕಲಬುರಗಿ ಕಡೆ ಮೇ 7ಕ್ಕೆ. ಆ ಕಡೆಯವರಿಗೆ ಅವತ್ತು ಸಂಬಳದ ರಜೆ ಕೊಡಲೇಬೇಕು, ದಿನಗೂಲಿಯವರಿಗೂ. ಪ್ರಜಾಪ್ರತಿನಿಧಿ ಕಾಯ್ದೆಯ 135ಬಿ ಕಲಂ ಇರುವುದೇ ಅದಕ್ಕೆ. ಕೊಟ್ಟೆವು. ಆದರೂ ಜಾಸ್ತಿ ಜನ ಹೋಗಲಿಲ್ಲ. ರಾಯಚೂರಿನ ಹಳ್ಳಿಗೆ ಹೋಗಿ ಬರುವಷ್ಟರಲ್ಲಿ ಇನ್ನೊಂದು ದಿನದ ಕೂಲಿ ಹೋಯಿತು. ಬಸ್ ಚಾರ್ಜು ಬೇರೆ. ತಿಂಗಳ ಅಟೆಂಡೆನ್ಸ್ ಬೋನಸ್ಸೂ ಕಟ್. ಪರ್ಮನೆಂಟ್ ಆದವರು ಒಂದು ಸಿಎಲ್ (ಸಂಬಳ ಕಟ್ ಆಗದ ಕ್ಯಾಶುವಲ್ ಲೀವ್) ಸೇರಿಸಿಕೊಂಡು ಹೋಗಿಬಂದರು. ಕಂಟ್ರಾಕ್ಟಿನವರಿಗೆ ಸಿಎಲ್ ಎಲ್ಲಿದೆ? ಒಡಿಶಾ, ಬಿಹಾರದ ಹುಡುಗರಂತೂ ರಜೆ ಕೇಳಲೂ ಇಲ್ಲ.

"ಇವರಿಗೆ ರಾಜಕೀಯ ಬೇಕಿಲ್ಲ ಬಿಡಿ ಸಾರ್" ಅನ್ನುವವರು ನಮ್ಮ ಆಫೀಸಿನಲ್ಲಿದ್ದಾರೆ. ಸುಮ್ನೆ ಮಾತು. 2020ರ ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಬಂದಾಗ ಇದೇ ರಾಯಚೂರಿನವರು ಹೇಳದೆ ಕೇಳದೆ ಹೊರಟಿದ್ದರು. ನಿಂತವನು ಚಿಕ್ಕಪ್ಪನ ಮಗ, ಬಸ್ಸಿನ ಖರ್ಚೂ ಅವನದೇ. (ಅದು ಕಾನೂನಿಗೆ ಸರಿಯಾ ಅಂತ ನನ್ನನ್ನು ಕೇಳಬೇಡಿ.)

ಇದ್ದ ಊರಿನಿಂದಲೇ ತಮ್ಮ ಕ್ಷೇತ್ರಕ್ಕೆ ವೋಟು ಹಾಕುವ ಯಂತ್ರವನ್ನು ಚುನಾವಣಾ ಆಯೋಗ 2022ರ ಕೊನೆಯಲ್ಲಿ ಮುಂದಿಟ್ಟಿತ್ತು. ಒಂದೇ ಯಂತ್ರದಲ್ಲಿ 72 ಕ್ಷೇತ್ರ. ವಿರೋಧ ಪಕ್ಷಗಳು ಒಪ್ಪಲಿಲ್ಲ.

ಹಾಗಾದರೆ ಮತದಾರರ ಪಟ್ಟಿಯಲ್ಲಿರುವ ಹೆಸರನ್ನು ಇಲ್ಲಿಗೇ ವರ್ಗ ಮಾಡಿಸಿಕೊಳ್ಳಬಹುದಲ್ವಾ? ಫಾರಂ 8 ಇದೆ. ಆದರೆ ವಿಳಾಸಕ್ಕೆ ದಾಖಲೆ ಬೇಕು. ರೂಮಿನ ಓನರ್ ಅಗ್ರಿಮೆಂಟ್ ಮಾಡಿಕೊಡುವುದಿಲ್ಲ, ಕರೆಂಟ್ ಬಿಲ್ಲು ಅವರ ಹೆಸರಲ್ಲಿರುತ್ತದೆ. ಬ್ಯಾಂಕ್ ಪಾಸ್‌ಬುಕ್ ನಡೆಯುತ್ತದೆ, ಆದರೆ ಅದರಲ್ಲೂ ಊರಿನ ವಿಳಾಸವೇ. ಈಗ ಸಂಬಳದ ಖಾತೆ ತೆರೆಸುವಾಗಲೇ ರೂಮಿನ ವಿಳಾಸ ಹಾಕಿಸುತ್ತೇನೆ. ಎಚ್‌ಆರ್‌ನಲ್ಲಿರುವವರು ಇದೊಂದನ್ನು ಮಾಡಿ ನೋಡಿ, ಕಂಪನಿಗೆ ಒಂದು ಪೈಸೆ ಖರ್ಚಿಲ್ಲ.

ಹಾಗಂತ ಎಲ್ಲರೂ ಬದಲಾಯಿಸಿಕೊಳ್ಳುವುದಿಲ್ಲ. ಊರಿನ ಪಟ್ಟಿಯಿಂದ ಹೆಸರು ಹೋದರೆ ರೇಷನ್ ಕಾರ್ಡೂ ಹೋಗುತ್ತದೆ ಅನ್ನುವ ಭಯ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಅಂದರೂ ನಂಬುವುದಿಲ್ಲ. ಮಾಡಿಸಿಕೊಂಡವರು ಬಹುಪಾಲು ಪರ್ಮನೆಂಟ್ ಆಗಿ, ಹೆಂಡತಿಯನ್ನು ಕರೆತಂದು, ಮಕ್ಕಳನ್ನು ಇಲ್ಲಿನ ಶಾಲೆಗೆ ಹಾಕಿದವರು. ನಲ್ಲಿ ನೀರು ಬರದಿದ್ದರೆ ಈಗ ಅವರು ಪಂಚಾಯಿತಿ ಮೆಂಬರಿಗೆ ಫೋನ್ ಮಾಡುತ್ತಾರೆ. ಮೊದಲು ನನಗೆ ಮಾಡುತ್ತಿದ್ದರು.